ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಪಿಕಪ್: ಎಫ್-150 ಸಾಕಾ, ಎಫ್-250 ಬೇಕಾ?

ಫೋರ್ಟ್‌ವರ್ತ್ ಅಣ್ಣತಮ್ಮ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಇಲ್ಲಿ ಟೆಕ್ಸಾಸ್‌ನ ಫೋರ್ಟ್‌ವರ್ತ್ ಹತ್ತಿರ ಮನೆ ರಿಪೇರಿ ಕೆಲಸ ಮಾಡುತ್ತೇವೆ. ಬೇಲಿ, ಡೆಕ್, ಡ್ರೈವಾಲ್, ಬಾತ್‌ರೂಮ್ ಟೈಲ್ಸ್. ಇಷ್ಟು ದಿನ ಹಳೇ ಮಿನಿವ್ಯಾನ್‌ನ ಸೀಟು ಕಳಚಿ ಸಾಮಾನು ಹೊರುತ್ತಿದ್ದೆವು. ಈಗ ಕೆಲಸ ಜಾಸ್ತಿ ಆಗಿದೆ, ಅದು ಸಾಲುತ್ತಿಲ್ಲ. ದೊಡ್ಡ ಪಿಕಪ್ ತೆಗೆದುಕೊಳ್ಳಬೇಕು.

ಟ್ಯಾಕ್ಸ್ ಎಲ್ಲ ಸೇರಿ ಬಜೆಟ್ 25,000 ಡಾಲರ್. ನಾವಿಬ್ಬರ ಜೊತೆ ಒಬ್ಬ ಸಹಾಯಕ ಇರುತ್ತಾನೆ. ಟೂಲ್‌ಬಾಕ್ಸ್, ಸಿಮೆಂಟ್ ಚೀಲ, ಮರ ಇದ್ದೇ ಇರುತ್ತೆ. ವಾರದಲ್ಲಿ ಎರಡು ಮೂರು ದಿನ ಡಂಪ್ ಟ್ರೈಲರ್ (ಕಸ, ಕಲ್ಲು ತುಂಬಿ ಸುರಿಯುವ ಗಾಡಿ) ಎಳೆಯಬೇಕು. ತುಂಬಿದ ಮೇಲೆ ಅದು 7,000 ಪೌಂಡ್ ತನಕ ಹೋಗುತ್ತೆ.

ಕಣ್ಣಿಗೆ ಬಿದ್ದಿರುವುದು ಮೂರು. 2018ರ ಫೋರ್ಡ್ ಎಫ್-150, 3.5 ಲೀಟರ್ ಇಕೋಬೂಸ್ಟ್ ಟರ್ಬೊ ಇಂಜಿನ್. 2016ರ ಶೆವಿ ಸಿಲ್ವರಾಡೊ 1500, 5.3 ಇಂಜಿನ್. 2015ರ ರ್‍ಯಾಮ್ 1500, ಎಂಟು ಸಿಲಿಂಡರಿನ ಹೆಮಿ ಇಂಜಿನ್. ಮೂರೂ ನಾಲ್ಕು ಬಾಗಿಲಿನವು. ಫೋರ್ಡ್ ಮಾರುವವರು 11,000 ಪೌಂಡ್ ಎಳೆಯುತ್ತೆ ಅಂತಾರೆ. ಹಾಗಿದ್ದರೆ ನಮ್ಮ 7,000 ಸಲೀಸು ಅಲ್ವಾ? ಯಾವುದು ತೆಗೆದುಕೊಳ್ಳಲಿ? ಡೀಸೆಲ್‌ಗೆ ಹೋಗಬೇಕಾ?

ಗ್ಯಾರೇಜ್ ಗೆಳೆಯ, ಡಲ್ಲಾಸ್

ಅಣ್ಣ, ಎಳೆಯುವ ತೂಕದ ಮಾತು ಸ್ವಲ್ಪ ಪಕ್ಕಕ್ಕಿಡಿ. ಗಾಡಿ ನೋಡಲು ಹೋದಾಗ ಮೊದಲು ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲ ಕಂಬದ ಮೇಲೆ ಟೈರ್ ಗಾಳಿ ಎಷ್ಟಿರಬೇಕು ಅಂತ ಬರೆದ ಒಂದು ಸ್ಟಿಕ್ಕರ್ ಇರುತ್ತೆ. ಅದರಲ್ಲೇ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಒಂದು ಸಂಖ್ಯೆ ಹಾಕಿರುತ್ತಾರೆ. ಅದೇ ಪೇಲೋಡ್. ಅದು ಆ ಒಂದು ಗಾಡಿಗೆ ಮಾತ್ರ ಸೇರಿದ ಲೆಕ್ಕ. ಅದೇ ಮಾಡೆಲ್, ಅದೇ ವರ್ಷದ ಇನ್ನೊಂದು ಗಾಡಿಯಲ್ಲಿ ಬೇರೆ ಇರುತ್ತೆ. ಸನ್‌ರೂಫ್, ಚರ್ಮದ ಸೀಟು, ಫೋರ್ ವೀಲ್ ಡ್ರೈವ್ ಎಲ್ಲವೂ ತೂಕ ತಿನ್ನುತ್ತವೆ. ಐಷಾರಾಮಿ ಹೆಚ್ಚಾದಷ್ಟು ಪೇಲೋಡ್ ಕಮ್ಮಿ.

ನಿಮ್ಮ ಲೆಕ್ಕ ಹಾಕೋಣ. ಮೂರು ಜನ ಅಂದರೆ 540 ಪೌಂಡ್ ಇಟ್ಟುಕೊಳ್ಳಿ. ಟೂಲ್‌ಬಾಕ್ಸ್, ಟೂಲ್ಸ್ ಸೇರಿ 300. ಟ್ರೈಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹಿಚ್ ಮೇಲೆ, ಅಂದರೆ ಟ್ರೈಲರ್ ಕೊಂಡಿ ಸೇರುವ ಜಾಗದ ಮೇಲೆ, ಕೂರುತ್ತೆ, ಕೂರಲೇಬೇಕು. ಕಮ್ಮಿಯಾದರೆ ಟ್ರೈಲರ್ ಹೈವೇಲಿ ಬಾಲ ಅಲ್ಲಾಡಿಸುತ್ತೆ. ನೂರಕ್ಕೆ 12 ಅಂದರೂ 7,000ಕ್ಕೆ 840 ಪೌಂಡ್. ಒಟ್ಟು 1,680 ಆಯ್ತು. ಇನ್ನೂ ಒಂದು ಸಿಮೆಂಟ್ ಚೀಲ ಹಾಕಿಲ್ಲ. 80 ಪೌಂಡಿನ ಹತ್ತು ಚೀಲ ಹಾಕಿದರೆ 2,480.

ನಾಲ್ಕು ಬಾಗಿಲಿನ ಎಫ್-150ಗಳ ಸ್ಟಿಕ್ಕರ್‌ನಲ್ಲಿ ನಾನು ಸಾಮಾನ್ಯವಾಗಿ ನೋಡುವುದು 1,400ರಿಂದ 1,800. ಸಿಲ್ವರಾಡೊ 1500 ಕೂಡ ಅಲ್ಲೇ. ರ್‍ಯಾಮ್ 1500 ಇನ್ನೂ ಕಮ್ಮಿ. ಅದರ ಹಿಂಬದಿಗೆ 2009ರಿಂದ ಲೀಫ್ ಬದಲು ಕಾಯಿಲ್ ಸ್ಪ್ರಿಂಗ್. ಕೂತವರಿಗೆ ಹಿತ, ಲೋಡ್ ಹಾಕಿದರೆ ಹಿಂದೆ ಕುಸಿಯುತ್ತೆ. 11,000 ಎಳೆಯುವ ಇಂಜಿನ್ ಇರಬಹುದು. ಆದರೆ ಆಕ್ಸಲ್, ಸ್ಪ್ರಿಂಗ್, ಟೈರ್, ಬ್ರೇಕ್ ಹೊರುವುದು ಸ್ಟಿಕ್ಕರ್‌ನಲ್ಲಿ ಇದ್ದಷ್ಟೇ.

ನಿಮ್ಮ ಕೆಲಸಕ್ಕೆ 250 ಅಥವಾ 2500 ಸಾಲಿನ ಗಾಡಿ ಬೇಕು, ಅಂದರೆ 150, 1500ಗಿಂತ ಹೆಚ್ಚು ಭಾರ ಹೊರುವ ಸಾಲು. ಪೆಟ್ರೋಲ್ ಇಂಜಿನ್, ಸಾದಾ ಮಾಡೆಲ್, ವಿನೈಲ್ ಸೀಟು. ಯಾವುದೋ ಕಂಪನಿಯ ಬಿಳಿ ಫ್ಲೀಟ್ ಗಾಡಿ ಸಿಕ್ಕರೆ ಬಿಡಬೇಡಿ.

ಹಾಸನ–ಹ್ಯೂಸ್ಟನ್

ಗೆಳೆಯರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಊರಲ್ಲಿ ನೋಡಿದ ಬೊಲೆರೊ ಪಿಕಪ್ ನೆನಪಿಸಿಕೊಳ್ಳಿ. ಅದರಲ್ಲಿ 1,700 ಕೆಜಿ ಹೊರುವ ಮಾಡೆಲ್ ಇದೆ. ಪೌಂಡಿಗೆ ತಿರುಗಿಸಿದರೆ 3,700ಕ್ಕೂ ಮೇಲೆ. ಗಾತ್ರದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಎಫ್-150 ಅದರ ಅರ್ಧ ಹೊರುತ್ತೆ. ನಂಬಲು ಕಷ್ಟ, ಆದರೆ ಸತ್ಯ. ಒಂದನ್ನು ಮಾಡಿರುವುದು ನಿಧಾನಕ್ಕೆ ಹೊರಲು. ಇನ್ನೊಂದು ಮನೆಮಂದಿಯನ್ನು 75 ಮೈಲಿ ಸ್ಪೀಡಿನಲ್ಲಿ ಕರೆದುಕೊಂಡು ಹೋಗಿ, ಜೊತೆಗೆ ಸ್ವಲ್ಪ ಸಾಮಾನನ್ನೂ ಹೊರಲು.

ಹಾಗಾಗಿ ಊರಿನಲ್ಲಿ ಹಿಡಿಸಿದಷ್ಟು ತುಂಬುವ ಅಭ್ಯಾಸ ಇಲ್ಲಿ ಬೇಡ. ಐ-35 ಹೈವೇಲಿ ಓವರ್‌ಲೋಡ್ ಆದ ಗಾಡಿಯ ಹಿಂದಿನ ಟೈರ್ ಒಡೆದರೆ ಏನಾಗುತ್ತೆ ಅಂತ ಯೋಚನೆ ಮಾಡಿ.

ಊರಿನಂಥ ಸಾದಾ ಲೋಡ್ ಗಾಡಿ ಇಲ್ಲಿ ಯಾಕೆ ಸಿಗಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಹೊರದೇಶದಿಂದ ಬರುವ ಸಣ್ಣ ಟ್ರಕ್‌ಗೆ 1964ರಿಂದಲೇ ನೂರಕ್ಕೆ 25 ಸುಂಕ ಇದೆ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದ್ದಕ್ಕೆ ಎದುರಾಗಿ ಹಾಕಿದ್ದು. ಅದಕ್ಕೇ ಎಲ್ಲರೂ ಚಿಕನ್ ಟ್ಯಾಕ್ಸ್ ಅಂತಾರೆ. ಕೋಳಿ ಜಗಳ ಮುಗಿದು ಎಷ್ಟೋ ಕಾಲ ಆಯ್ತು, ಟ್ರಕ್ ಸುಂಕ ಮಾತ್ರ ಉಳಿದುಕೊಂಡಿತು. ಮಹೀಂದ್ರದವರು 2010ರ ಹೊತ್ತಿಗೆ ಇಲ್ಲಿಗೆ ಪಿಕಪ್ ತರಲು ಪ್ರಯತ್ನಪಟ್ಟರು, ಕೈಗೂಡಲಿಲ್ಲ.

ತೋಟದ ಕೆಲಸ, ಆಸ್ಟಿನ್

ನಾನು ಲ್ಯಾಂಡ್‌ಸ್ಕೇಪಿಂಗ್ ಮಾಡುವವನು. ಗೆಳೆಯರ ಲೆಕ್ಕ ಸರಿ. ಆದರೆ ಎಲ್ಲರಿಗೂ 250 ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಸಿಮೆಂಟ್ ಜಾಸ್ತಿ ಬೇಕಾದ ದಿನ ಅಂಗಡಿಯವರಿಂದ ಪ್ಯಾಲೆಟ್ ಅನ್ನೇ ಸೈಟಿಗೆ ತರಿಸಿ. 80 ಪೌಂಡಿನ 42 ಚೀಲದ ಒಂದು ಪ್ಯಾಲೆಟ್ 3,300 ಪೌಂಡ್ ದಾಟುತ್ತೆ. ಅದನ್ನು ಎಫ್-250ಯಲ್ಲೂ ಒಂದೇ ಸಲ ತರುವುದು ಸರಿಯಲ್ಲ. ಕಸ ಸಾಗಿಸಲು ಡಂಪ್‌ಸ್ಟರ್ ಬಾಡಿಗೆಗೆ ಸಿಗುತ್ತೆ. ಭಾರದ ಕೆಲಸ ಬೇರೆಯವರಿಗೆ ಬಿಟ್ಟರೆ ದಿನನಿತ್ಯ ಓಡಾಡಲು ಎಫ್-150 ಸಾಕು. ಎರಡು ಬಾಗಿಲಿನ, ಎಕ್ಸ್‌ಎಲ್ ಅನ್ನುವ ಸಾದಾ ಮಾಡೆಲ್‌ನಲ್ಲಿ 2,000 ಪೌಂಡ್ ಹತ್ತಿರ ಪೇಲೋಡ್ ಸಿಗುತ್ತೆ. ಪೆಟ್ರೋಲ್ ಉಳಿಯುತ್ತೆ, ಪಾರ್ಕಿಂಗ್ ಸುಲಭ, ಖಾಲಿ ಇದ್ದಾಗ ಬೆನ್ನಿಗೆ ಹೊಡೆತ ಇಲ್ಲ.

ಗ್ಯಾರೇಜ್ ಗೆಳೆಯ, ಡಲ್ಲಾಸ್

ತೋಟದವರು ಹೇಳಿದ್ದು ನ್ಯಾಯವೇ. ಟ್ರೈಲರ್ ತಿಂಗಳಿಗೊಮ್ಮೆ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇವರದು ವಾರಕ್ಕೆ ಎರಡು ಮೂರು ದಿನ. ಮೂರನೆಯವರಿಗೆ ಸೀಟೂ ಬೇಕು.

ಪೆಟ್ರೋಲ್ ವ್ಯತ್ಯಾಸ ಎಷ್ಟು ಅಂತ ಹೇಳಿಬಿಡುತ್ತೇನೆ. ವರ್ಷಕ್ಕೆ 15,000 ಮೈಲಿ ಓಡಿಸಿದಿರಿ ಅನ್ನಿ. ಗ್ಯಾಲನ್‌ಗೆ 18 ಮೈಲಿ ಕೊಡುವ ಗಾಡಿ ಸುಮಾರು 830 ಗ್ಯಾಲನ್ ಕುಡಿಯುತ್ತೆ. 13 ಕೊಡುವ ಗಾಡಿ 1,150. ಗ್ಯಾಲನ್‌ಗೆ 3 ಡಾಲರ್ ಹಿಡಿದರೆ ವ್ಯತ್ಯಾಸ ಸಾವಿರ ಡಾಲರ್ ಹತ್ತಿರ. ಒಂದು ಗೇರ್‌ಬಾಕ್ಸ್ ಹೋದರೆ ಅದರ ನಾಲ್ಕೈದು ಪಟ್ಟು ಖರ್ಚು. ಸದಾ ಮಿತಿಯ ಅಂಚಿನಲ್ಲಿ ದುಡಿಯುವ ಗೇರ್‌ಬಾಕ್ಸ್ ಬೇಗ ಹೋಗುತ್ತೆ.

ಫೋರ್ಟ್‌ವರ್ತ್ ಅಣ್ಣತಮ್ಮ

ತುಂಬಾ ಉಪಕಾರ ಆಯ್ತು. ನಿನ್ನೆ ಸಂಜೆ ಆ ಎಫ್-150 ನೋಡಿಬಂದೆ. ಸ್ಟಿಕ್ಕರ್‌ನಲ್ಲಿ 1,500 ಕೂಡ ಇಲ್ಲ. ತಮ್ಮನಿಗೆ ಈಗಲೂ ಅದರ ಮೇಲೇ ಆಸೆ, ಒಳಗಡೆ ಅಷ್ಟು ಚೆನ್ನಾಗಿದೆ. ಯಾವ ಇಂಜಿನ್ ಒಳ್ಳೆಯದು, ಯಾವುದಕ್ಕೆ ಏನು ಕಾಯಿಲೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಗ್ಯಾರೇಜ್ ಗೆಳೆಯ, ಡಲ್ಲಾಸ್

ಹೇಳುತ್ತೇನೆ. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯಗಳೇ ಇವು.

ಫೋರ್ಡ್ 3.5 ಇಕೋಬೂಸ್ಟ್ ಎಳೆಯುವುದರಲ್ಲಿ ಗಟ್ಟಿ. ಆದರೆ 2017ರಿಂದ 2020ರ ಗಾಡಿಗಳಲ್ಲಿ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಸದ್ದು ಬರುವುದುಂಟು. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಗರಗರ ಅನ್ನುತ್ತೆ. ರಿಪೇರಿ ಸಾವಿರಗಟ್ಟಲೆ ಡಾಲರ್. ಟರ್ಬೊ ಇಲ್ಲದ 5.0 ವಿ8 ಇನ್ನೂ ಸರಳ.

ಶೆವಿ 5.3ರಲ್ಲಿ ಭಾರ ಕಮ್ಮಿ ಇದ್ದಾಗ ನಾಲ್ಕು ಸಿಲಿಂಡರ್ ತಾನಾಗಿ ನಿಲ್ಲುವ ವ್ಯವಸ್ಥೆ ಇದೆ. ಪೆಟ್ರೋಲ್ ಉಳಿಸಲು ಮಾಡಿದ್ದು. ಅದಕ್ಕಾಗಿ ಹಾಕಿದ ಲಿಫ್ಟರ್‌ಗಳು (ವಾಲ್ವ್ ಎತ್ತುವ ಭಾಗಗಳು) ಕೆಲವು ಸಲ ಸಿಕ್ಕಿಹಾಕಿಕೊಂಡು ಕ್ಯಾಮ್‌ಶಾಫ್ಟ್ ಅನ್ನೂ ಹಾಳು ಮಾಡುತ್ತವೆ. ಆಯಿಲ್ ಬದಲಿಸದೆ ಓಡಿಸಿದ ಗಾಡಿಯಲ್ಲಿ ಇದು ಜಾಸ್ತಿ. ರ್‍ಯಾಮ್‌ನ 5.7 ಹೆಮಿಯಲ್ಲೂ ಲಿಫ್ಟರ್, ಕ್ಯಾಮ್ ಸವೆಯುವ ತೊಂದರೆ ಇದೆ. ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್‌ಗಳೂ ಮುರಿಯುತ್ತವೆ. ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಕೇಳಿದರೆ ಯಾವುದು ಅಂತ ಗೊತ್ತಾಗುವ ತನಕ ದುಡ್ಡು ಕೊಡಬೇಡಿ.

ಟೊಯೊಟಾ ಟಂಡ್ರಾದ 5.7 ವಿ8, ಅಂದರೆ 2007ರಿಂದ 2021ರದ್ದು, ಗಟ್ಟಿ ಇಂಜಿನ್. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಮೈಲಿ ಜಾಸ್ತಿ ಓಡಿದ್ದಕ್ಕೂ ರೇಟು ಇಳಿಯಲ್ಲ. ಪೇಲೋಡ್ ಮಾತ್ರ ಎಫ್-150ರಷ್ಟೇ. 2022, 2023ರ ಹೊಸ ವಿ6 ಟಂಡ್ರಾ ಅಗ್ಗಕ್ಕೆ ಸಿಕ್ಕರೆ ರೀಕಾಲ್ ಆಗಿದೆಯಾ ನೋಡಿ. ಇಂಜಿನ್ ಒಳಗೆ ಲೋಹದ ಚೂರು ಉಳಿದಿರಬಹುದು ಅಂತ 2024ರಲ್ಲಿ ಲಕ್ಷದಷ್ಟು ಗಾಡಿ ವಾಪಸ್ ಕರೆದರು.

ನಿಮಗೆ ನಾನು ಹೇಳುವುದು ಇವು ಯಾವುವೂ ಅಲ್ಲ. ಒಂದು, ಶೆವಿ ಅಥವಾ ಜಿಎಂಸಿ 2500ಎಚ್‌ಡಿಯಲ್ಲಿ 2019ರ ತನಕ ಬಂದ 6.0 ವಿ8. ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಅದರಲ್ಲಿಲ್ಲ. ಇನ್ನೊಂದು, ಎಫ್-250ಯಲ್ಲಿ 2011ರಿಂದ 2022ರ ತನಕ ಬಂದ 6.2 ವಿ8. ಎರಡೂ ಹಳೇ ಕಾಲದ ಸರಳ ಇಂಜಿನ್. 6.2ಗೆ ಒಂದು ಸಿಲಿಂಡರ್‌ಗೆ ಎರಡರಂತೆ 16 ಸ್ಪಾರ್ಕ್ ಪ್ಲಗ್. ಬದಲಿಸಿದ್ದಾರಾ ಕೇಳಿ. ಇಲ್ಲದಿದ್ದರೆ ರೇಟಿನಲ್ಲಿ ಅಷ್ಟು ಕಮ್ಮಿ ಮಾಡಿಸಿ.

ಫೋರ್ ವೀಲ್ ಡ್ರೈವ್ ಬೇಡ. ಫೋರ್ಟ್‌ವರ್ತ್‌ನಲ್ಲಿ ಹಿಮ ಬೀಳುವುದು ಅಪರೂಪ. 4x2, ಅಂದರೆ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಗಾಡಿ, ಅಗ್ಗ, ಹಗುರ, ಮುಂದೆ ಕೆಡುವ ಭಾಗ ಕಮ್ಮಿ. ಕೆಸರಿನ ಸೈಟಿಗೆ ಹಿಂದಿನ ಆಕ್ಸಲ್‌ನಲ್ಲಿ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು) ಇದ್ದರೆ ಸಾಕು.

ಹುಬ್ಬಳ್ಳಿ ಮಂದಿ, ಒಕ್ಲಹೋಮ

ಡೀಸೆಲ್ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಹತ್ತಿರ ಡೀಸೆಲ್ ಇದೆ. ಏರಿನಲ್ಲಿ ಅದು ಎಳೆಯುವ ರೀತಿಗೆ ಸಾಟಿ ಇಲ್ಲರೀ.

ಗ್ಯಾರೇಜ್ ಗೆಳೆಯ, ಡಲ್ಲಾಸ್

ಸರ್, ನೀವು ಎಳೆಯುವ ತೂಕಕ್ಕೆ ಅದು ಸರಿ. ವಾರಪೂರ್ತಿ 12,000 ಪೌಂಡ್ ಎಳೆಯುವವರಿಗೆ ನಾನೂ ಡೀಸೆಲ್ ಅನ್ನುತ್ತೇನೆ. ಇವರದು ಊರೊಳಗಿನ ಕೆಲಸ. ಹತ್ತು ನಿಮಿಷ ಓಡಿ ನಿಲ್ಲುವುದು, ಮತ್ತೆ ಓಡುವುದು. ಹಾಗೆ ಓಡಿಸಿದರೆ ಡೀಸೆಲ್‌ನ ಹೊಗೆ ಫಿಲ್ಟರ್ ಸುಟ್ಟು ಕ್ಲೀನ್ ಆಗಲು ಸಮಯ ಸಿಗಲ್ಲ, ಕಟ್ಟಿಕೊಳ್ಳುತ್ತೆ.

ಇನ್ನೂ ದೊಡ್ಡ ಚಿಂತೆ ಸಿಪಿ4 ಅನ್ನುವ ಫ್ಯೂಯಲ್ ಪಂಪ್. ಶೆವಿ, ಜಿಎಂಸಿಯ 2011ರಿಂದ 2016ರ ಡುರಾಮ್ಯಾಕ್ಸ್ ಡೀಸೆಲ್‌ನಲ್ಲಿ, 2011ರ ನಂತರದ ಫೋರ್ಡ್ 6.7ರಲ್ಲಿ, ರ್‍ಯಾಮ್‌ನ 2019, 2020ರ ಕಮಿನ್ಸ್‌ನಲ್ಲಿ ಇದೆ. ಅದು ಒಡೆದರೆ ಲೋಹದ ಪುಡಿ ಟ್ಯಾಂಕಿನಿಂದ ಇಂಜೆಕ್ಟರ್ ತನಕ ಎಲ್ಲ ಕಡೆ ಹರಡುತ್ತೆ. ಹತ್ತು ಸಾವಿರ ಡಾಲರ್ ಆಸುಪಾಸು ಬಿಲ್. ಜೊತೆಗೆ ಡೀಸೆಲ್ ಇಂಜಿನ್ ಭಾರ ಜಾಸ್ತಿ, ಆ ಭಾರ ಪೇಲೋಡ್‌ನಲ್ಲೇ ಕಳೆದುಹೋಗುತ್ತೆ.

ಇನ್ನೊಂದು ಮಾತು. ಹೊಗೆ ಫಿಲ್ಟರ್ ಕಿತ್ತುಹಾಕಿದ ಡೀಸೆಲ್ ಗಾಡಿಗಳನ್ನು ‘ಡಿಲೀಟ್ ಮಾಡಿದೆ’ ಅಂತ ಹೆಮ್ಮೆಯಿಂದ ಮಾರುತ್ತಾರೆ. ಅದು ಫೆಡರಲ್ ಕಾನೂನಿಗೆ ವಿರುದ್ಧ. ಮುಟ್ಟಬೇಡಿ.

ಮಲೆನಾಡು–ಮಿಶಿಗನ್

ನಾನು ಉತ್ತರದಲ್ಲಿರುವವನು. ತುಕ್ಕಿನ ಬಗ್ಗೆ ದಯವಿಟ್ಟು ಗಮನ ಕೊಡಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮಿಶಿಗನ್, ಒಹಾಯೊ, ನ್ಯೂಯಾರ್ಕ್‌ನ ಗಾಡಿಗಳು ಹರಾಜಿನಲ್ಲಿ ದಕ್ಷಿಣಕ್ಕೆ ಬರುತ್ತವೆ. ಟೆಕ್ಸಾಸ್ ನಂಬರ್ ಪ್ಲೇಟ್ ಇದೆ ಅಂತ ಟೆಕ್ಸಾಸ್‌ನಲ್ಲೇ ಬಾಳಿದ ಗಾಡಿ ಅಂತ ತಿಳಿಯಬೇಡಿ. ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ರಿಪೋರ್ಟ್ ತೆಗೆದರೆ ಯಾವ ವರ್ಷ ಯಾವ ರಾಜ್ಯದಲ್ಲಿತ್ತು ಅಂತ ಗೊತ್ತಾಗುತ್ತೆ.

2015ರಿಂದ ಎಫ್-150, 2017ರಿಂದ ಎಫ್-250 ಬಾಡಿ ಅಲ್ಯೂಮಿನಿಯಂ. ಬಾಡಿ ಥಳಥಳ ಅನ್ನುತ್ತೆ. ಆದರೆ ಕೆಳಗಿನ ಚಾಸಿ ಉಕ್ಕಿನದ್ದೇ. ಜಿಎಂ (ಶೆವಿ, ಜಿಎಂಸಿ) ಗಾಡಿಗಳ ಚಾಸಿಗೆ ಮೇಣದಂಥ ಲೇಪ ಇರುತ್ತೆ. ಅದು ಉದುರಿದ ಮೇಲೆ ತುಕ್ಕು ಬೇಗ ಹಿಡಿಯುತ್ತೆ. ಟಾರ್ಚ್ ತೆಗೆದುಕೊಂಡು ನೆಲಕ್ಕೆ ಮಲಗಿ ನೋಡಿ. ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ, ಬ್ರೇಕ್ ಪೈಪು, ಹಿಚ್‌ನ ಬೆಸುಗೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಉಕ್ಕು ಠಣ್ ಅನ್ನುತ್ತೆ, ತಿಂದುಹೋದದ್ದು ಡಬ್ ಅನ್ನುತ್ತೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅದೇ ಅನುಮಾನಕ್ಕೆ ಕಾರಣ.

ಹಾಸನ–ಹ್ಯೂಸ್ಟನ್

ನಮ್ಮ ಕಡೆಯ ಭಯ ನೀರು. 2017ರ ಹಾರ್ವಿ ಚಂಡಮಾರುತದಲ್ಲಿ ಹ್ಯೂಸ್ಟನ್‌ನ ಲಕ್ಷಾಂತರ ಗಾಡಿ ಮುಳುಗಿದವು. ಕೆಲವನ್ನು ತೊಳೆದು ಬೇರೆ ರಾಜ್ಯದಲ್ಲಿ ಮಾರಿದರು. ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ, ಕೊನೆಯಲ್ಲಿ ಕೆಸರಿನ ಗೆರೆ ಇರುತ್ತೆ. ಕಾರ್ಪೆಟ್ ಕೆಳಗೆ ಕೈ ಹಾಕಿ. ವಿಮೆ ವಂಚನೆ ತಡೆಯುವ ಸಂಸ್ಥೆ ಎನ್‌ಐಸಿಬಿಯವರ ವಿನ್‌ಚೆಕ್ ವೆಬ್‌ಸೈಟಿನಲ್ಲಿ ಕಳವು, ಸಾಲ್ವೇಜ್ (ರಿಪೇರಿಗೆ ಲಾಯಕ್ಕಿಲ್ಲ ಅಂತ ವಿಮೆಯವರು ಬಿಟ್ಟ ಗಾಡಿ) ದಾಖಲೆ ಪುಕ್ಕಟೆ ನೋಡಬಹುದು. ರೀಕಾಲ್ ನೋಡಲು ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ. ಅದೂ ಪುಕ್ಕಟೆ.

ಲೆಕ್ಕದಕ್ಕ, ಪ್ಲೇನೊ

ತಮ್ಮಂದಿರೇ, ಗಾಡಿಯಷ್ಟೇ ಇನ್ಶೂರೆನ್ಸ್ ಕೂಡ ಮುಖ್ಯ. ಕೂಲಿಯಾಳು, ಟ್ರೈಲರ್, ಸಾಮಾನು ಹೊತ್ತು ದುಡಿಯುವ ಗಾಡಿಯನ್ನು ಮನೆ ಕಾರಿನ ಪಾಲಿಸಿಯಲ್ಲಿ ಇಟ್ಟರೆ ಅಪಘಾತದ ದಿನ ಕ್ಲೇಮ್ ತಳ್ಳಿಹಾಕಬಹುದು. ಕೊಳ್ಳುವ ಮುಂಚೆಯೇ ಕಮರ್ಷಿಯಲ್ ಪಾಲಿಸಿಯ ರೇಟು ಕೇಳಿ. ಆ ಖರ್ಚು ಕೇಳಿದ ಮೇಲೆ ಬಜೆಟ್ ಬದಲಾಗುತ್ತೆ.

ಕೆಲಸಕ್ಕೆ ಒಕ್ಲಹೋಮ ಗಡಿ ದಾಟುವುದಿದ್ದರೆ ಇನ್ನೊಂದಿದೆ. ಗಾಡಿ, ಟ್ರೈಲರ್ ಎರಡರ ತೂಕದ ರೇಟಿಂಗ್ (ತುಂಬಿದಾಗ ಇರಬಹುದಾದ ಗರಿಷ್ಠ ತೂಕ) ಕೂಡಿ 10,001 ಪೌಂಡ್ ಮುಟ್ಟಿದರೆ ಫೆಡರಲ್ ಸಾರಿಗೆ ಇಲಾಖೆಯ ಯುಎಸ್ ಡಾಟ್ ನಂಬರ್ ಬೇಕು. ನಿಮ್ಮದು ಖಂಡಿತ ಮುಟ್ಟುತ್ತೆ.

ಟ್ಯಾಕ್ಸ್‌ನಲ್ಲಿ ಒಳ್ಳೆಯ ಸುದ್ದಿ ಇದೆ. ಒಟ್ಟು ತೂಕದ ರೇಟಿಂಗ್ 6,000 ಪೌಂಡ್ ದಾಟಿದ ಗಾಡಿಯನ್ನು ಅರ್ಧಕ್ಕಿಂತ ಜಾಸ್ತಿ ಕೆಲಸಕ್ಕೆ ಬಳಸಿದರೆ ಸೆಕ್ಷನ್ 179ರಲ್ಲಿ ಅದೇ ವರ್ಷ ಖರ್ಚು ತೋರಿಸಬಹುದು. ಸೆಕೆಂಡ್ ಹ್ಯಾಂಡ್‌ಗೂ ನಡೆಯುತ್ತೆ. ಬೆಡ್ (ಹಿಂದಿನ ಸಾಮಾನು ತುಂಬುವ ಜಾಗ) 6 ಅಡಿಗಿಂತ ಗಿಡ್ಡ ಇದ್ದರೆ ಒಂದು ಮಿತಿ ಇದೆ ಅಂತ ಕೇಳಿರುತ್ತೀರಿ. ಆ ಮಿತಿ 30,000 ಡಾಲರ್ ಮೇಲಿದೆ, ನಿಮ್ಮ ಬಜೆಟ್‌ಗೆ ತಾಗುವುದಿಲ್ಲ. ಮೈಲಿ ಲೆಕ್ಕದ ಪುಸ್ತಕ ಮಾತ್ರ ಮೊದಲ ದಿನದಿಂದಲೇ ಇಡಿ.

ಫೋರ್ಟ್‌ವರ್ತ್ ಅಣ್ಣತಮ್ಮ

ಅಕ್ಕ, ಧನ್ಯವಾದ. ಈ ವಾರ ಎರಡು ಗಾಡಿ ನೋಡಿದೆವು.

ಮೊದಲನೆಯದು 2016ರ ಎಫ್-250 ಎಕ್ಸ್‌ಎಲ್, 6.2, 4x2, ನಾಲ್ಕು ಬಾಗಿಲು, 8 ಅಡಿ ಬೆಡ್. 118,000 ಮೈಲಿ. ಮೊದಲು ಒಂದು ಕಂಪನಿಯ ಫ್ಲೀಟ್‌ನಲ್ಲಿತ್ತು, ಆಯಿಲ್ ಬದಲಿಸಿದ ಬಿಲ್ಲು ಎಲ್ಲ ಇವೆ. ಸ್ಟಿಕ್ಕರ್‌ನಲ್ಲಿ 3,000ಕ್ಕೂ ಮೇಲಿದೆ. ಬೆಡ್‌ನಲ್ಲಿ ಗೀರು ಜಾಸ್ತಿ. ಕೇಳುತ್ತಿರುವುದು 21,500.

ಎರಡನೆಯದು 2014ರ ಸಿಲ್ವರಾಡೊ 2500, 6.0. ಬರೀ 90,000 ಮೈಲಿ, ಹೊರಗೆ ಒಂದು ಗೀರೂ ಇಲ್ಲ. 19,900. ಡ್ಯಾಶ್‌ನಲ್ಲಿ ಇಂಜಿನ್ ಓಡಿದ ಗಂಟೆ 5,000 ಅಂತ ತೋರಿಸಿತು. ನಾವು ಹೋದಾಗ ಇಂಜಿನ್ ಆಗಲೇ ಬಿಸಿ ಇತ್ತು. ತಮ್ಮ ಇದನ್ನೇ ತೆಗೆದುಕೊಳ್ಳೋಣ ಅಂತಿದ್ದಾನೆ.

ಗ್ಯಾರೇಜ್ ಗೆಳೆಯ, ಡಲ್ಲಾಸ್

90,000 ಮೈಲಿಯನ್ನು 5,000 ಗಂಟೆಯಿಂದ ಭಾಗಿಸಿ. ಗಂಟೆಗೆ 18 ಮೈಲಿ. ಅಂದರೆ ಆ ಗಾಡಿ ತುಂಬಾ ಹೊತ್ತು ನಿಂತಲ್ಲೇ ಉರಿದಿದೆ. ಒಂದು ಗಂಟೆ ಐಡಲ್ ಅಂದರೆ 25–30 ಮೈಲಿ ಓಡಿದಷ್ಟು ಸವೆತ ಅಂತ ನಾವು ಲೆಕ್ಕ ಹಿಡಿಯುತ್ತೇವೆ. ಮೀಟರ್‌ನಲ್ಲಿ 90,000, ಇಂಜಿನ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ವಯಸ್ಸಾಗಿದೆ. ಮುಂಚೆಯೇ ಬಿಸಿ ಮಾಡಿ ಇಟ್ಟಿದ್ದೂ ನನಗೆ ಇಷ್ಟ ಆಗಲಿಲ್ಲ. ತಣ್ಣಗಿದ್ದಾಗ ಬರುವ ಸದ್ದು ಬಿಸಿಯಾದ ಮೇಲೆ ಕೇಳಲ್ಲ. ಇನ್ನೊಮ್ಮೆ ಹೋಗುವುದಾದರೆ ಬೆಳಗ್ಗೆ ಸ್ಟಾರ್ಟ್ ಮಾಡದೆ ಬಿಟ್ಟಿರಿ ಅಂತ ಹೇಳಿ ಹೋಗಿ.

ಫೋರ್ಡ್‌ನಲ್ಲೂ ಗಂಟೆ ನೋಡಿ. ಅದರ ಮೀಟರ್‌ನಲ್ಲಿ ಐಡಲ್ ಗಂಟೆ ಬೇರೆಯಾಗಿ ತೋರಿಸುತ್ತೆ. ಬೆಡ್‌ನ ಗೀರಿಗೆ ತಲೆ ಕೆಡಿಸಿಕೊಳ್ಳಬೇಡಿ. ನೀವೂ ನಾಳೆ ಅದೇ ಬೆಡ್‌ಗೆ ಕಲ್ಲು ಸುರಿಯುವವರು. ಟೈರ್ ಮೇಲೆ ಲೋಡ್ ರೇಂಜ್ ಇ (ಭಾರ ಹೊರುವ ಟೈರಿನ ಗುರುತು) ಅಂತ ಇದೆಯಾ ನೋಡಿ, ಜೊತೆಗೆ ಟೈರ್ ತಯಾರಾದ ವರ್ಷವನ್ನೂ. ಟ್ರೈಲರ್ ಬ್ರೇಕ್ ಹಿಡಿಸುವ ಫ್ಯಾಕ್ಟರಿ ಬ್ರೇಕ್ ಕಂಟ್ರೋಲರ್ ಇದೆಯಾ ನೋಡಿ. ಟೆಕ್ಸಾಸ್‌ನಲ್ಲಿ 4,500 ಪೌಂಡ್ ದಾಟಿದ ಟ್ರೈಲರ್‌ಗೆ ಬ್ರೇಕ್ ಇರಬೇಕು. ಅದಕ್ಕೆ ಗಾಡಿ ಕಡೆಯಿಂದ ಕರೆಂಟ್ ಬರಬೇಕಲ್ಲ.

ಆಮೇಲೆ ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ನೋಡಿಸಿ. 150–250 ಡಾಲರ್ ಆಗಬಹುದು. ಬೇಡ ಅಂತ ಮಾರುವವರು ತಡೆದರೆ ಅಲ್ಲಿಂದ ಎದ್ದು ಬನ್ನಿ.

ತೋಟದ ಕೆಲಸ, ಆಸ್ಟಿನ್

3,000 ಪೌಂಡ್ ಸ್ಟಿಕ್ಕರ್, ಬಿಲ್ಲು ಸಮೇತ 21,500. ನಾನು ಎಫ್-150 ಪರ ಮಾತಾಡಿದವನು, ಆದರೂ ಈ ಗಾಡಿ ನಿಮಗೆ ಸರಿ ಅನ್ನಿಸುತ್ತಿದೆ. 8 ಅಡಿ ಬೆಡ್‌ನಲ್ಲಿ ಪ್ಲೈವುಡ್ ಶೀಟು ಮಲಗಿಸಿ ಟೇಲ್‌ಗೇಟ್ ಮುಚ್ಚಬಹುದು. ಡ್ರೈವಾಲ್ ಕೆಲಸದವರಿಗೆ ಅದು ದೊಡ್ಡ ಅನುಕೂಲ. ಮನೆ ಮುಂದಿನ ಡ್ರೈವ್‌ವೇ ಉದ್ದ ಮಾತ್ರ ಅಳೆದುಕೊಳ್ಳಿ. ನಾಲ್ಕು ಬಾಗಿಲು, 8 ಅಡಿ ಬೆಡ್ ಎರಡೂ ಇದ್ದರೆ ಗಾಡಿ 21 ಅಡಿ ದಾಟುತ್ತೆ.

ಫೋರ್ಟ್‌ವರ್ತ್ ಅಣ್ಣತಮ್ಮ

ಲಿಫ್ಟ್ ಮೇಲೆ ನೋಡಿಸಿದೆವು. ಚಾಸಿ ಗಟ್ಟಿ ಇದೆ. ಮುಂದಿನ ಬಾಲ್ ಜಾಯಿಂಟ್ ಹೋಗಿದೆ, ಹಿಂದಿನ ಎರಡು ಟೈರ್ ಹಳೆಯವು, ಸ್ಪಾರ್ಕ್ ಪ್ಲಗ್ ಬದಲಿಸಿದ ದಾಖಲೆ ಇಲ್ಲ. ಐಡಲ್ ಗಂಟೆ ಹೆಚ್ಚೇನಿಲ್ಲ. ಆ ಮೂರನ್ನೂ ಬರೆದು ತೋರಿಸಿ 20,000ಕ್ಕೆ ಒಪ್ಪಿಸಿದೆವು. ತಮ್ಮನೂ ಓಡಿಸಿ ನೋಡಿ ಒಪ್ಪಿದ. ಮಾರುವವರು ಡೀಲರ್ ಅಲ್ಲ, ಖಾಸಗಿ ವ್ಯಕ್ತಿ. ಕಾಗದ ಪತ್ರ ಹೇಗೆ ಮಾಡಿಸುವುದು?

ಹಾಸನ–ಹ್ಯೂಸ್ಟನ್

ದುಡ್ಡು ಕೈ ಬದಲಾಗುವ ಮುಂಚೆ ಟೈಟಲ್ (ಗಾಡಿಯ ಮಾಲೀಕತ್ವದ ಪತ್ರ) ಕಣ್ಣಾರೆ ನೋಡಿ. ಹೆಸರು ಮಾರುವವರದ್ದೇ ಇರಬೇಕು, ಅವರ ಗುರುತಿನ ಚೀಟಿಗೆ ಹೊಂದಬೇಕು. ಟೈಟಲ್‌ನ ವಿನ್, ಗಾಜಿನ ಕೆಳಗಿನ ವಿನ್, ಬಾಗಿಲಿನ ವಿನ್ ಮೂರೂ ಒಂದೇ ಇರಬೇಕು. ಬ್ಯಾಂಕ್ ಸಾಲ ಇದ್ದರೆ ತೀರಿದ ಪತ್ರ ಕೇಳಿ.

ಆಮೇಲೆ ಇಬ್ಬರೂ ಜೊತೆಗೇ ಕೌಂಟಿ ಟ್ಯಾಕ್ಸ್ ಆಫೀಸಿಗೆ ಹೋಗಿ. ಮಾರುವವರು ಸಹಿ ಮಾಡಿದ ಟೈಟಲ್ ಮತ್ತು ಹೆಸರು ಬದಲಾಯಿಸುವ 130-ಯು ಫಾರಂ ಕೊಡಬೇಕು. ಆ ಫಾರಂಗೆ ಇಬ್ಬರ ಸಹಿಯೂ ಬೇಕು. ಸೇಲ್ಸ್ ಟ್ಯಾಕ್ಸ್ ನೂರಕ್ಕೆ 6.25. ಖಾಸಗಿಯವರಿಂದ ಕೊಂಡರೆ ನೀವು ಕೊಟ್ಟ ಬೆಲೆ, ಇಲ್ಲವೇ ರಾಜ್ಯ ಅಂದಾಜು ಮಾಡಿದ ಬೆಲೆಯ ನೂರಕ್ಕೆ 80, ಯಾವುದು ಜಾಸ್ತಿಯೋ ಅದರ ಮೇಲೆ ಹಾಕುತ್ತಾರೆ. 20,000ಕ್ಕೆ 1,250 ಆಗುತ್ತೆ. ಅಂದಾಜು ಬೆಲೆಯನ್ನು ಟೆಕ್ಸಾಸ್ ಮೋಟಾರು ವಾಹನ ಇಲಾಖೆಯ (ಡಿಎಂವಿ) ವೆಬ್‌ಸೈಟಿನಲ್ಲಿ ಮೊದಲೇ ನೋಡಿಕೊಳ್ಳಿ. ಹಳೇ ನಂಬರ್ ಪ್ಲೇಟ್ ಮಾರುವವರು ಬಿಚ್ಚಿಕೊಂಡು ಹೋಗಬಹುದು. ಅಕ್ಕ ಹೇಳಿದ ಕಮರ್ಷಿಯಲ್ ಪಾಲಿಸಿ ಅದೇ ದಿನದಿಂದ ಶುರುವಾಗುವ ಹಾಗೆ ನೋಡಿಕೊಳ್ಳಿ, ಅದರ ಚೀಟಿ ಆಫೀಸಿಗೂ ಬೇಕು. ರಿಜಿಸ್ಟ್ರೇಷನ್ ಕೌಂಟರಿನಲ್ಲೇ ಆಗುತ್ತೆ.